ತಿಕೋಟಾದಲ್ಲಿ ಒಂದು ಸುಳಿ

ಹಗಲು ನಾನು ವಿಜಯಪುರದ ದವಾಖಾನೆಯೊಂದರ ನೆಲಮಾಳಿಗೆಯಲ್ಲಿ
ಎಲುಬುಗಳ ಫೋಟೋ ತೆಗೆಯುವವಳು.
‘ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ. ಹಾಂ, ಬಿಡ್ರಿ.’
ದಿನಕ್ಕೆ ಅರವತ್ತು ಸಲ.

ಅಮಾವಾಸ್ಯೆಯ ಆಸುಪಾಸಿನ ಶನಿವಾರ
ಅಣ್ಣನ ಹಳೆಯ ಓಮ್ನಿಯ ಹಿಂದಿನ ಸೀಟಿನಲ್ಲಿ
ಆರಿಂಚು ಕನ್ನಡಿಯ ಕೊಳವೆ
ನನ್ನ ದುಪಟ್ಟಾ ಹೊದ್ದು ಮಲಗಿ ಬರುತ್ತದೆ.
ತಿಕೋಟಾ ದಾಟಿ ಎಡಕ್ಕೆ, ಒಣದ್ರಾಕ್ಷಿ ಶೆಡ್ಡು.
ಹನ್ನೊಂದು ಅಂತಸ್ತಿನ ಬಲೆ, ಬಲೆಯ ತುಂಬ
ಹಸಿರು ಬಿಟ್ಟುಕೊಡಲು ಇನ್ನೂ ಮನಸ್ಸಿಲ್ಲದ ಕಾಳು.

ಗಾಳಿ ಆಡುವ ದಿಬ್ಬ ನೋಡಿಯೇ ಕಟ್ಟಿದ್ದಾರೆ.
ಮಣೂಕಕ್ಕೆ ಗಾಳಿ ಬೇಕು.
ನನಗೆ ಬೇಡ.
ಟ್ರೈಪಾಡಿಗೆ ಮೂರು ಇಟ್ಟಂಗಿ ಕಟ್ಟಿ ಇಳಿಬಿಟ್ಟರೂ
ಕೊಳವೆ ಒಮ್ಮೆ ನಡುಗಿದರೆ
ಚುಕ್ಕಿ ಅವರೆಕಾಳಾಗಿಬಿಡುತ್ತದೆ.

ಕಾವಲಿಗೆ ಲಾಡಲೇಸಾಬ. ಅವನ ತಲೆಯ ಮೇಲೊಂದು ಬಲ್ಬು.
‘ಮೂರು ತಾಸು ಬಂದ ಮಾಡ್ತೀರೇನ್ರಿ ಚಾಚಾ?’
‘ಕಳ್ಳರು ಬಂದ್ರ?’
‘ಕತ್ತಲದಾಗ ಅವರಿಗೂ ಕಾಣಂಗಿಲ್ಲಲ್ಲ.’
‘ಅವರಿಗೆ ರೂಢಿ ಇರ್ತದ ಯವ್ವಾ.’
ಅಂದ. ಆರಿಸಿದ.

ಪೂರ್ವಕ್ಕೆ ಊರಿನ ಬೆಳಕು, ಆರದ ಒಲೆಯ ಬೂದಿ.
ಉತ್ತರಕ್ಕೆ ಸಪ್ತರ್ಷಿಗಳು ಏರುತ್ತಿದ್ದಾರೆ,
ಬಾಲದ ತುದಿಗೆ ಮರೀಚಿ, ಅವನಿಂದ ಎರಡು ಬೆರಳು ಆಚೆ
ಬರಿಗಣ್ಣಿಗೆ ಏನೂ ಇಲ್ಲ.
ಆ ಏನೂ ಇಲ್ಲದ ಜಾಗಕ್ಕೆ ಗುರಿ ಹಿಡಿದು
ಎರಡೆರಡು ನಿಮಿಷದ ತೊಂಬತ್ತು ಚಿತ್ರ.

ಶಟರು ಟಕ್ ಅಂದೊಡನೆ ನಾನೇ ಉಸಿರು ಹಿಡಿಯುತ್ತೇನೆ.
ಚಟ. ಎರಡು ನಿಮಿಷ ತಡೆಯಲಾರದೆ ಬಿಡುತ್ತೇನೆ.
ಎರಡು ಕೋಟಿ ವರ್ಷಕ್ಕೂ ಮಿಕ್ಕಿ ನಡೆದು ಬಂದದ್ದು
ನನ್ನ ಉಸಿರಿಗೆ ದಾರಿ ತಪ್ಪೀತೇ?
ಆದರೂ ಕಾಲು ಜುಮುಗುಟ್ಟುತ್ತಿದ್ದರೂ ಕದಲಲಿಲ್ಲ.

ಹದಿನಾಲ್ಕನೆಯದರಲ್ಲಿ ಕಬ್ಬಿನ ಟ್ರಾಕ್ಟರಿನ ದೀಪ.
ಇಪ್ಪತ್ತೊಂದರಲ್ಲಿ ಯಾವುದೋ ಉಪಗ್ರಹ ಎಳೆದ ಗೀರು.
ಮೂವತ್ತರಿಂದ ಮೂವತ್ತೇಳು, ಎಲ್ಲ ಗಾಳಿ.
ಐವತ್ತೆರಡರಲ್ಲಿ ಲಾಡಲೇಸಾಬನ ಬೀಡಿ:
ಕಡ್ಡಿ ಗೀರಿದ, ನೆನಪಾಗಿ ಅಂಗೈಯಲ್ಲಿ ಮುಚ್ಚಿದ,
ಸುಟ್ಟುಕೊಂಡ.
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಳಿಸಲೂ ಇಲ್ಲ.

ಕೊನೆಗೆ ಮುಚ್ಚಳ ಹಾಕಿ ಮತ್ತೆ ಇಪ್ಪತ್ತು.
‘ಬಾಯಿ ಮುಚ್ಚಿ ಏನು ಹಿಡೀತಿ?’
‘ಬರೇ ಕತ್ತಲ. ಕ್ಯಾಮೆರಾ ತಾನಾ ಹುಟ್ಟಿಸೋ ಸುಳ್ಳು ಚುಕ್ಕಿ
ಎಷ್ಟದಾವ ನೋಡಿ ಆಮ್ಯಾಲೆ ಕಳೀಬೇಕ್ರಿ.’
ಬಹಳ ಹೊತ್ತು ಸುಮ್ಮನಿದ್ದ.
‘ಅದಕ್ಕೂ ಬ್ಯಾಟರಿ ಖರ್ಚಾಗ್ತದಲ್ಲ.’

ಲ್ಯಾಪ್‌ಟಾಪು ಮಡಿಲಲ್ಲಿ.
ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ
ಎಪ್ಪತ್ತೊಂಬತ್ತು ಚಿತ್ರ ಒಂದರ ಮೇಲೊಂದು ಕೂತವು.
ಮೊದಲು ಬೂದು, ಬರೀ ಬೂದು.
ಹಿಗ್ಗಿಸಿದೆ. ಇನ್ನಷ್ಟು.
ಮಾಸಿದ ನೆಲದಿಂದ ಒಂದು ತೋಳು ಎದ್ದಿತು, ಮತ್ತೊಂದು,
ಅದರ ತುದಿಯಲ್ಲಿ ಚಿಕ್ಕದೊಂದು
ದೊಡ್ಡದರ ಸೆರಗು ಜಗ್ಗುತ್ತ.

ಲಾಡಲೇಸಾಬ ಬಗ್ಗಿ ನೋಡಿದ.
ಕಾವಲಿಗೆ ಬರುವ ಮೊದಲು ಅವನು ಎತ್ತಿನ ದಲಾಲ.
‘ಇದು ಸುಳಿ,’ ಅಂದ.
‘ಬೆನ್ನಿನದಲ್ಲ, ಹಣಿಮ್ಯಾಲಿಂದು. ಛಲೋ ಸುಳಿ.
ಇಂಥದ್ದು ಇದ್ದ ಎತ್ತು ಕಟ್ಟಿದ ಮನಿ ಬಿಡಂಗಿಲ್ಲ.’
ಹೆಗಲ ಟವೆಲ್ಲು ತೆಗೆದು ನನ್ನ ಕೈಮೇಲೆ ಹರಡಿ
ಅದರಡಿ ಮೂರು ಬೆರಳು ಒತ್ತಿದ.
ದರ ಕಟ್ಟಿದ್ದಾನೆ.
ಮೂರು ಸಾವಿರವೋ, ಲಕ್ಷವೋ, ನನಗೆ ಆ ಲೆಕ್ಕ ಬಾರದು.
ನಗು ತಡೆದು ಒಂದು ಬೆರಳು ಹೆಚ್ಚು ಒತ್ತಿದೆ.

‘ಹಂಗಾರ ಖರೇ ಹೇಳು, ಬಲಸುಳಿಯೋ ಎಡಸುಳಿಯೋ?’
‘ಈ ಕಡಿಂದ ನೋಡಿದ್ರ ಎಡ ಚಾಚಾ.
ಆ ಕಡಿಂದ ನೋಡಿದವರಿಗೆ ಬಲ.’

ಬಲ್ಬು ಹಾಕಲು ಎದ್ದಿದ್ದವನು
ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತ.
‘ಆ ಕಡಿ ಯಾರದಾರ?’